ಕವಾಟಕ್ಕಿಂತ ಮೊದಲು ದಾರಿ ನೋಡಿ: ಕ್ಯಾತಿಟರ್ ಮೂಲಕ ಹೃದಯ ಕವಾಟ ಹಾಕುವ ಸಾಧನಗಳ ಹೋಲಿಕೆ

2020ರ ನವೆಂಬರ್‌ನಲ್ಲಿ ಬಾಸ್ಟನ್ ಸೈಂಟಿಫಿಕ್ ಕಂಪನಿ ತನ್ನ ಲೋಟಸ್ ಎಡ್ಜ್ ಎಂಬ ಹೃದಯ ಕವಾಟವನ್ನು ಮಾರುಕಟ್ಟೆಯಿಂದ ಪೂರ್ತಿ ಹಿಂದಕ್ಕೆ ತೆಗೆದುಕೊಂಡಿತು. ಕವಾಟ ಕೆಟ್ಟದಾಗಿತ್ತು ಅಂತಲ್ಲ. ಆಗಲೇ ಹಾಕಿಸಿಕೊಂಡವರಿಗೆ ಅಪಾಯವಿಲ್ಲ ಎಂದು ಕಂಪನಿಯೇ ಹೇಳಿತು. ಅಂಚಿನಲ್ಲಿ ರಕ್ತ ಸೋರದಂತೆ ತಡೆಯುವುದರಲ್ಲಂತೂ ಅದಕ್ಕೆ ಒಳ್ಳೆಯ ಹೆಸರಿತ್ತು. ಎಡವಿದ್ದು ಅದನ್ನು ಹೃದಯದವರೆಗೆ ಒಯ್ದು ಬಿಡುವ ಸಾಧನ. ಆ ಡೆಲಿವರಿ ಸಿಸ್ಟಂ ತೀರಾ ಜಟಿಲವಾಗಿತ್ತು. ಅದನ್ನು ಹೊಸದಾಗಿ ಮಾಡಲು ಹಿಡಿಯುವ ಸಮಯ, ಹಣ ಎರಡನ್ನೂ ಲೆಕ್ಕ ಹಾಕಿ ಇಡೀ ಲೋಟಸ್ ಸರಣಿಯನ್ನೇ ಕೈಬಿಟ್ಟರು.

ಕವಾಟ ಬದಲಾಯಿಸಬೇಕು ಎಂದ ಕೂಡಲೇ ನಾವೆಲ್ಲ ಕೇಳುವುದು ಒಂದೇ. ಯಾವ ಕವಾಟ ಚೆನ್ನಾಗಿದೆ? ಎಷ್ಟು ವರ್ಷ ಬಾಳಿಕೆ ಬರುತ್ತೆ? ಅದನ್ನು ಒಳಗೆ ಕಳಿಸುವ ಉದ್ದನೆಯ ಕೊಳವೆಯ, ಅಂದರೆ ಕ್ಯಾತಿಟರ್‌ನ ಬಗ್ಗೆ ಯಾರೂ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ಕಸದ ಬುಟ್ಟಿಗೆ ಹೋಗುವ ವಸ್ತು, ಅಲ್ವಾ? ಆದರೆ ಈ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿನ ಮೇಜಿನ ಮೇಲೆ ಮಲಗಿರುವ ಅಷ್ಟು ಹೊತ್ತಿನ ಒಳ್ಳೆಯದು ಕೆಟ್ಟದ್ದೆಲ್ಲ ಹೆಚ್ಚಾಗಿ ಅದರ ಕೈಯಲ್ಲೇ ಇರುತ್ತದೆ. ಕಾಲಿನ ರಕ್ತನಾಳ ಸೀಳುವುದು, ಕವಾಟ ನಾಲ್ಕೈದು ಮಿಲಿಮೀಟರ್ ಕೆಳಗೆ ಕೂತು ಪೇಸ್‌ಮೇಕರ್ ಬೇಕಾಗುವುದು, ಕವಾಟ ಜಾರಿ ಹೃದಯದಿಂದ ಹೊರಡುವ ಮುಖ್ಯ ಅಪಧಮನಿಯಾದ ಅಯೋರ್ಟಾದೊಳಕ್ಕೆ ಹೋಗುವುದು, ಈ ಯಾವ ತೊಂದರೆಯನ್ನು ತೆಗೆದುಕೊಂಡರೂ ಸಾಗಿಸುವ ಸಾಧನದ ಪಾಲು ಅದರಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಈ ಹೋಲಿಕೆಯನ್ನು ನಾನು ಕವಾಟದ ಕಡೆಯಿಂದಲ್ಲ, ಅದು ಬರುವ ದಾರಿಯ ಕಡೆಯಿಂದ ಮಾಡುತ್ತೇನೆ.

ಒಂದು ಮಾತು ಮೊದಲೇ. ಕೊನೆಯ ಆಯ್ಕೆ ನಿಮ್ಮ ಸಿಟಿ ಸ್ಕ್ಯಾನ್ ಮುಂದಿಟ್ಟುಕೊಂಡು ಕೂತ ವೈದ್ಯರ ತಂಡದ್ದು. ಅವರು ಇದನ್ನೇ ಯಾಕೆ ಆರಿಸಿದರು ಎಂದು ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಎಂಬುದಷ್ಟೇ ಇಲ್ಲಿನ ಉದ್ದೇಶ.

ಮೊದಲು ಕಾಲಿನ ರಕ್ತನಾಳ

2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂಆಂ ನಗರದಲ್ಲಿ ಡಾ. ಅಲಾಂ ಕ್ರಿಬಿಯೇ ಮೊದಲ ಬಾರಿಗೆ ಮನುಷ್ಯನೊಬ್ಬನಿಗೆ ಎದೆ ತೆರೆಯದೆ ಅಯೋರ್ಟಿಕ್ ಕವಾಟ, ಅಂದರೆ ಅಯೋರ್ಟಾದ ಬಾಯಲ್ಲಿರುವ ಕವಾಟ ಹಾಕಿದರು. ಆ ಕಾಲದ ಸಾಧನಗಳು 24 ಫ್ರೆಂಚ್ ದಪ್ಪ ಇರುತ್ತಿದ್ದವು. ಫ್ರೆಂಚ್ ಎಂದರೆ ಕ್ಯಾತಿಟರ್ ಅಳೆಯುವ ಮಾನ. 3 ಫ್ರೆಂಚ್ ಸೇರಿದರೆ 1 ಮಿಲಿಮೀಟರ್. ಅಂದರೆ 8 ಮಿಲಿಮೀಟರ್ ದಪ್ಪದ ಕೊಳವೆ. ತೊಡೆಸಂದಿನ ಅಪಧಮನಿ ಎಷ್ಟೋ ಜನರಲ್ಲಿ ಅಷ್ಟು ಅಗಲವೇ ಇರುವುದಿಲ್ಲ. ಇವತ್ತು ಹೆಚ್ಚಿನವು 14ರಿಂದ 16 ಫ್ರೆಂಚ್‌ಗೆ ಇಳಿದಿವೆ. ಟಾವಿ, ಅಂದರೆ ಕ್ಯಾತಿಟರ್ ಮೂಲಕ ಅಯೋರ್ಟಿಕ್ ಕವಾಟ ಹಾಕುವ ಚಿಕಿತ್ಸೆ, ಇಷ್ಟು ಹರಡಿದ್ದಕ್ಕೆ ಕವಾಟದ ಸುಧಾರಣೆ ಎಷ್ಟು ಕಾರಣವೋ, ಈ ತೆಳುವಾಗುವಿಕೆಯೂ ಅಷ್ಟೇ ಕಾರಣ ಎನ್ನುವುದು ನನ್ನ ಅನಿಸಿಕೆ.

ಆದರೆ ಈ ಫ್ರೆಂಚ್ ಲೆಕ್ಕದಲ್ಲಿ ಒಂದು ಸಣ್ಣ ಗುಟ್ಟಿದೆ. ಕ್ಯಾತಿಟರ್‌ಗೆ ಹೇಳುವಾಗ ಅದು ಹೊರಗಿನ ಅಳತೆ. ಶೀತ್‌ಗೆ, ಅಂದರೆ ಕ್ಯಾತಿಟರ್ ತೂರಿಸಲು ಮೊದಲು ರಕ್ತನಾಳದಲ್ಲಿ ಇಡುವ ಹೊರಗೊಳವೆಗೆ ಹೇಳುವಾಗ ಅದು ಒಳಗಿನ ಅಳತೆ. 14 ಫ್ರೆಂಚ್ ಶೀತ್ ಎಂದು ಬರೆದಿದ್ದರೂ ರಕ್ತನಾಳಕ್ಕೆ ತಾಗುವ ಹೊರಮೈ ಸುಮಾರು 18 ಫ್ರೆಂಚ್, ಅಂದರೆ 6 ಮಿಲಿಮೀಟರ್ ಇರಬಹುದು. ಎರಡು ಕಂಪನಿಗಳ ಕರಪತ್ರ ಪಕ್ಕಪಕ್ಕ ಇಟ್ಟು ಸುಮ್ನೆ ಫ್ರೆಂಚ್ ಸಂಖ್ಯೆ ಹೋಲಿಸಿದರೆ ಮೋಸ ಹೋಗುತ್ತೀರಿ. ನೋಡಬೇಕಾದ್ದು ಬೇರೆ ಸಂಖ್ಯೆ: ರಕ್ತನಾಳ ಕನಿಷ್ಠ ಎಷ್ಟು ಅಗಲ ಇರಬೇಕು ಎಂದು ಕಂಪನಿ ಹೇಳುತ್ತದೆ ಎಂಬುದು.

ಎಡ್ವರ್ಡ್ಸ್ ಕಂಪನಿಯ ಸೇಪಿಯನ್ 3ರಲ್ಲಿ 20, 23, 26 ಮಿಲಿಮೀಟರ್ ಕವಾಟಗಳು 14 ಫ್ರೆಂಚ್ ಶೀತ್‌ನಲ್ಲಿ ಹೋಗುತ್ತವೆ. ಅವಕ್ಕೆ 5.5 ಮಿಲಿಮೀಟರ್ ಅಗಲದ ರಕ್ತನಾಳ ಬೇಕು. 29 ಮಿಲಿಮೀಟರ್ ಕವಾಟಕ್ಕೆ 16 ಫ್ರೆಂಚ್ ಶೀತ್, 6 ಮಿಲಿಮೀಟರ್ ರಕ್ತನಾಳ. ಈ ಶೀತ್‌ನ ವಿಶೇಷ ಎಂದರೆ ಅದು ಹಿಗ್ಗುತ್ತದೆ. ಕವಾಟ ಹಾದುಹೋಗುವ ಜಾಗದಲ್ಲಿ ಮಾತ್ರ ಮಡಿಕೆ ಬಿಚ್ಚಿ ಅಗಲವಾಗುತ್ತದೆ, ಕವಾಟ ಮುಂದೆ ಹೋದ ಮೇಲೆ ಮತ್ತೆ ಕುಗ್ಗುತ್ತದೆ. ರಕ್ತನಾಳಕ್ಕೆ ಹಿಗ್ಗುವ ಕಷ್ಟ ಕ್ಷಣಕಾಲ ಮಾತ್ರ.

ಮೆಡ್‌ಟ್ರಾನಿಕ್ ಕಂಪನಿಯ ಎವೊಲ್ಯೂಟ್ ಬೇರೆ ಉಪಾಯ ಹುಡುಕಿತು. ಕವಾಟ ಇರುವ ಕ್ಯಾಪ್ಸೂಲ್‌ನ ಹಿಂದೆಯೇ ಕ್ಯಾತಿಟರ್ ಮೇಲೆ ಒಂದು ಶೀತ್ ಕೂತಿರುತ್ತದೆ. ಬೇರೆ ಶೀತ್ ಬೇಕೇ ಇಲ್ಲ, ಕ್ಯಾಪ್ಸೂಲೇ ಮುಂದೆ ದಾರಿ ಮಾಡಿಕೊಂಡು ಹೋಗುತ್ತದೆ. ಪ್ರೋ ಪ್ಲಸ್ ಮತ್ತು ಎಫ್‌ಎಕ್ಸ್ ಮಾದರಿಗಳಲ್ಲಿ 23ರಿಂದ 29 ಮಿಲಿಮೀಟರ್‌ವರೆಗಿನ ಕವಾಟಕ್ಕೆ 5 ಮಿಲಿಮೀಟರ್ ರಕ್ತನಾಳ ಸಾಕು. 34ರ ದೊಡ್ಡ ಕವಾಟಕ್ಕೆ 6 ಬೇಕು. ಅಬಾಟ್ ಕಂಪನಿಯ ನ್ಯಾವಿಟರ್ ಕೂಡ ಫ್ಲೆಕ್ಸ್‌ನ್ಯಾವ್ ಎಂಬ ಕ್ಯಾತಿಟರ್‌ನಲ್ಲಿ ಇದೇ ದಾರಿ ಹಿಡಿದಿದೆ. ಚಿಕ್ಕ ಎರಡು ಅಳತೆಗೆ 5, ದೊಡ್ಡವಕ್ಕೆ 5.5 ಮಿಲಿಮೀಟರ್.

ಅರ್ಧ ಮಿಲಿಮೀಟರ್‌ಗೆ ಇಷ್ಟೆಲ್ಲ ಮಾತೇ ಅನ್ನಿಸಬಹುದು. ಚಿಕ್ಕ ಮೈಕಟ್ಟಿನವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಕಾಲಿನ ದಾರಿ ಸಿಗುತ್ತದೋ ಇಲ್ಲವೋ ಎಂಬುದು ಇದೇ ಅರ್ಧ ಮಿಲಿಮೀಟರ್‌ನಲ್ಲಿ ತೀರ್ಮಾನವಾಗುತ್ತದೆ. ಶೀತ್‌ನ ಹೊರ ಅಳತೆಯನ್ನು ರಕ್ತನಾಳದ ಒಳ ಅಳತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ 1.05 ದಾಟಿದರೆ ರಕ್ತನಾಳಕ್ಕೆ ಪೆಟ್ಟಾಗುವ ಸಾಧ್ಯತೆ ಏರುತ್ತದೆ ಎಂದು 2011ರ ಒಂದು ಅಧ್ಯಯನ ತೋರಿಸಿತು. ಅದು ಹಿಗ್ಗುವ ಶೀತ್‌ಗಳಿಗಿಂತ ಹಿಂದಿನ ಲೆಕ್ಕ. ಆದರೂ ವೈದ್ಯರ ಮನಸ್ಸಿನಲ್ಲಿ ಆ ಸಂಖ್ಯೆ ಇನ್ನೂ ಇದೆ.

ಅಗಲ ಒಂದೇ ಅಲ್ಲ. ರಕ್ತನಾಳ ಹಾವಿನಂತೆ ಸುತ್ತಿಕೊಂಡಿದ್ದರೂ ಮೆತ್ತಗಿದ್ದರೆ ಕ್ಯಾತಿಟರ್‌ಗೆ ದಾರಿ ತೋರಿಸುವ ಗಟ್ಟಿ ವೈರ್ ಹಾಕಿದಾಗ ನೆಟ್ಟಗಾಗುತ್ತದೆ. ಗೋಡೆಯ ಸುತ್ತಲೂ ಕ್ಯಾಲ್ಸಿಯಂ ಕಟ್ಟಿ ಬಳೆಯ ಹಾಗೆ ಆಗಿದ್ದರೆ 6 ಮಿಲಿಮೀಟರ್ ಇದ್ದೂ ಹಿಗ್ಗುವುದಿಲ್ಲ. ಸುತ್ತು ಮತ್ತು ಸುಣ್ಣ ಎರಡೂ ಒಟ್ಟಿಗೆ ಇದ್ದರೆ ಅದೇ ನಿಜವಾದ ತಲೆನೋವು. ಈಗ ಬಲೂನ್ ಒಳಗಿನಿಂದ ಒತ್ತಡದ ಅಲೆ ಹೊಡೆದು ಆ ಕ್ಯಾಲ್ಸಿಯಂ ಅನ್ನು ಬಿರುಕು ಬಿಡಿಸುವ ಲಿಥೊಟ್ರಿಪ್ಸಿ ಬಂದಿದೆ. ಮೂತ್ರಪಿಂಡದ ಕಲ್ಲು ಒಡೆಯುವ ವಿದ್ಯೆಯ ತಮ್ಮ ಇದು. ಮೊದಲಾದರೆ ಕಾಲಿನಿಂದ ಆಗುವುದಿಲ್ಲ ಎಂದು ಬಿಡುತ್ತಿದ್ದ ಎಷ್ಟೋ ಜನರಿಗೆ ಈಗ ಕಾಲಿನಿಂದಲೇ ಆಗುತ್ತಿದೆ.

ಬಲೂನೋ, ತಾನೇ ಅರಳುವುದೋ?

ಇಲ್ಲಿಂದ ಅಸಲಿ ಹೋಲಿಕೆ ಶುರು. ಅಯೋರ್ಟಿಕ್ ಕವಾಟಗಳಲ್ಲಿ ಎರಡು ದೊಡ್ಡ ಮನೆತನಗಳಿವೆ.

ಒಂದು, ಬಲೂನಿನಿಂದ ಹಿಗ್ಗಿಸುವುದು. ಲೋಹದ ಜಾಲರಿಯನ್ನು ಬಲೂನ್ ಮೇಲೆ ಬಿಗಿಯಾಗಿ ಅದುಮಿರುತ್ತಾರೆ. ಜಾಗಕ್ಕೆ ಬಂದಾಗ ಬಲೂನ್ ಉಬ್ಬಿಸಿದರೆ ಜಾಲರಿ ಅಗಲವಾಗಿ ಹಳೆಯ ಕವಾಟವನ್ನು ಪಕ್ಕಕ್ಕೆ ತಳ್ಳಿ ಕೂರುತ್ತದೆ. ಸೇಪಿಯನ್, ಮೆರಿಲ್ ಕಂಪನಿಯ ಮೈವಾಲ್ ಈ ಸಾಲಿನವು. ಇನ್ನೊಂದು, ತಾನೇ ಅರಳುವುದು. ಇದರ ಜಾಲರಿ ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಎಂಬ ಲೋಹದ್ದು. ಅದಕ್ಕೆ ತನ್ನ ಆಕಾರ ನೆನಪಿರುತ್ತದೆ. ಮಂಜಿನಂತೆ ತಣ್ಣಗಿನ ಸಲೈನ್‌ನಲ್ಲಿ ಮೆತ್ತಗಾಗಿ, ಹೇಳಿದಂತೆ ಮಡಚಿಕೊಳ್ಳುತ್ತದೆ. ದೇಹದ ಬಿಸಿಯಲ್ಲಿ ಹೊರಕವಚ ಸರಿಸಿದರೆ ಮೊಗ್ಗಿನಂತೆ ಅರಳುತ್ತದೆ. ಎವೊಲ್ಯೂಟ್, ನ್ಯಾವಿಟರ್ ಈ ಸಾಲಿನವು.

ಈ ಒಂದು ವ್ಯತ್ಯಾಸ ಕ್ಯಾತಿಟರ್‌ನ ಇಡೀ ಸ್ವಭಾವವನ್ನೇ ಬದಲಿಸುತ್ತದೆ.

ಬಲೂನ್ ಕವಾಟ ಬಿಡುವಾಗ ಹೃದಯ ಅಲುಗಾಡಬಾರದು. ರಕ್ತ ರಭಸದಿಂದ ಬಂದರೆ ಉಬ್ಬುತ್ತಿರುವ ಬಲೂನನ್ನೇ ಮುಂದೆ ತಳ್ಳಿಬಿಡುತ್ತದೆ. ಅದಕ್ಕೆ ತಾತ್ಕಾಲಿಕ ಪೇಸಿಂಗ್ ವೈರ್‌ನಿಂದ ಹೃದಯವನ್ನು ನಿಮಿಷಕ್ಕೆ 180ಕ್ಕಿಂತ ಜಾಸ್ತಿ ಬಡಿಸುತ್ತಾರೆ. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳಲು ಪುರುಸೊತ್ತೇ ಇಲ್ಲದೆ ಬರೀ ನಡುಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಬಲೂನ್ ಉಬ್ಬಿಸಿ, ಇಳಿಸಿ, ಪೇಸಿಂಗ್ ನಿಲ್ಲಿಸಬೇಕು. ಕೆಲಸ ಬೇಗ ಮುಗಿಯುತ್ತದೆ, ಆದರೆ ಒಂದೇ ಏಟು. ಉಬ್ಬಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಮಾತೇ ಇಲ್ಲ.

ತಾನೇ ಅರಳುವುದು ನಿಧಾನಸ್ಥ. ಹಿಡಿಯಲ್ಲಿರುವ ಗುಬುಟು ತಿರುಗಿಸುತ್ತಾ ಹೋದಂತೆ ಕವಚ ಒಂದೊಂದೇ ಮಿಲಿಮೀಟರ್ ಹಿಂದೆ ಸರಿಯುತ್ತದೆ. ಅರ್ಧ ಬಿಟ್ಟು ನೋಡಬಹುದು. ಜಾಗ ಸರಿಯಿಲ್ಲ ಅನ್ನಿಸಿದರೆ ಗುಬುಟು ಉಲ್ಟಾ ತಿರುಗಿಸಿ ಮತ್ತೆ ಕವಚದೊಳಕ್ಕೆ ಎಳೆದುಕೊಳ್ಳಬಹುದು. ಎವೊಲ್ಯೂಟ್‌ನಲ್ಲಿ ಸುಮಾರು 80% ಬಿಟ್ಟ ಮೇಲೂ ಹೀಗೆ ಮಾಡಬಹುದು, 3 ಸಲದವರೆಗೆ. ಹೃದಯವನ್ನು ಅಷ್ಟು ಜೋರಾಗಿ ಓಡಿಸಬೇಕಾಗಿಯೂ ಇಲ್ಲ, ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು.

ಹಿಂದಕ್ಕೆ ತೆಗೆಯಬಹುದಲ್ಲ, ಹಾಗಾದರೆ ಅದೇ ಒಳ್ಳೆಯದು ಎಂದು ಕೂಡಲೇ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಗೊತ್ತಾಗಿದ್ದು, ಈ ಸೌಲಭ್ಯಕ್ಕೂ ಬೆಲೆ ಇದೆ ಅಂತ. ಒಳಗೆಳೆದು ಮತ್ತೆ ಬಿಟ್ಟಾಗ ಕೆಲವೊಮ್ಮೆ ಜಾಲರಿಯ ಒಂದು ಬದಿ ಒಳಕ್ಕೆ ಮಡಚಿಕೊಂಡುಬಿಡುತ್ತದೆ, ಗಾಳಿಗೆ ಒಂದು ಕಡ್ಡಿ ತಿರುಗಿದ ಕೊಡೆಯ ಹಾಗೆ. ದೊಡ್ಡ ಅಳತೆಯ ಕವಾಟದಲ್ಲಿ, ಜಾಸ್ತಿ ಕ್ಯಾಲ್ಸಿಯಂ ಇರುವಲ್ಲಿ ಈ ಭಯ ಹೆಚ್ಚು. ಪ್ರತಿ ಸಲ ಎಳೆದು ಬಿಡುವಾಗಲೂ ಹಳೆಯ ಕವಾಟದ ಮೇಲೆ ಉಜ್ಜಾಟ ಆಗುತ್ತದೆ. ಹಾಗಾಗಿ ಈ ಗುಣವನ್ನು ವಿಮೆಯಂತೆ ನೋಡಬೇಕು. ಇರಲಿ, ಆದರೆ ಬಳಸುವ ಪ್ರಸಂಗ ಕಡಿಮೆ ಬರಲಿ.

ಅಂಕಿಗಳ ವಿಷಯಕ್ಕೆ ಬಂದರೆ 2019ರಲ್ಲಿ ಎರಡು ದೊಡ್ಡ ಟ್ರಯಲ್‌ಗಳು ಒಟ್ಟಿಗೇ ಹೊರಬಂದವು. ಅಪಾಯ ಕಡಿಮೆ ಇರುವ ರೋಗಿಗಳಲ್ಲಿ ಆಪರೇಷನ್ ಜೊತೆ ಟಾವಿಯನ್ನು ಹೋಲಿಸಿದವು ಅವು. ಸೇಪಿಯನ್ 3 ಬಳಸಿದ ಪಾರ್ಟ್‌ನರ್ 3ರಲ್ಲಿ 30 ದಿನದೊಳಗೆ ಪೇಸ್‌ಮೇಕರ್ ಬೇಕಾದವರು 6.5%. ಎವೊಲ್ಯೂಟ್ ಸರಣಿ ಬಳಸಿದ ಟ್ರಯಲ್‌ನಲ್ಲಿ 17.4%. ಬೇರೆ ಬೇರೆ ಟ್ರಯಲ್‌ನ ಸಂಖ್ಯೆಗಳನ್ನು ನೇರವಾಗಿ ತೂಗಬಾರದು, ಸರಿ. ಆದರೂ ದಿಕ್ಕು ಸ್ಪಷ್ಟವಾಗಿದೆ. ಹೃದಯದ ವಿದ್ಯುತ್ ತಂತು ಅಯೋರ್ಟಿಕ್ ಕವಾಟದ ಬುಡದಲ್ಲೇ ಹಾದುಹೋಗುತ್ತದೆ. ಉದ್ದನೆಯ ನಿಟಿನಾಲ್ ಜಾಲರಿ ಕೆಳಗೆ ಇಳಿದಷ್ಟೂ, ಸದಾ ಹೊರಕ್ಕೆ ಒತ್ತುತ್ತಲೇ ಇರುವುದರಿಂದ, ಆ ತಂತು ನಲುಗುತ್ತದೆ.

ಆ ಬಳಿಕ ವೈದ್ಯರು ಎಕ್ಸ್‌ರೇ ನೋಡುವ ಕೋನ ಬದಲಿಸಿದರು. ಕವಾಟದ ಎಡ ಮತ್ತು ಬಲ ಎಸಳುಗಳು ಒಂದರ ಮೇಲೊಂದು ಬರುವ ಹಾಗೆ ನೋಡಿದರೆ ಆಳ ನಿಖರವಾಗಿ ಕಾಣುತ್ತದೆ. ಕವಾಟವನ್ನು ಸುಮಾರು 3 ಮಿಲಿಮೀಟರ್ ಆಳದಲ್ಲಿ ನಿಲ್ಲಿಸಲು ಇದರಿಂದ ಸುಲಭವಾಯಿತು, ಪೇಸ್‌ಮೇಕರ್ ಪ್ರಮಾಣ ಇಳಿಯಿತು. ಎಫ್‌ಎಕ್ಸ್ ಮಾದರಿಯ ಜಾಲರಿಯಲ್ಲಿ ಮೂರು ಚಿನ್ನದ ಚುಕ್ಕೆ ಇಟ್ಟಿರುವುದೂ ಎಕ್ಸ್‌ರೇಯಲ್ಲಿ ಈ ಆಳ ಕಾಣಲಿ ಅಂತಲೇ. ನೋಡಿ, ಕವಾಟದ ಎಸಳಿನಲ್ಲಿ ಏನೂ ಬದಲಾಗಲಿಲ್ಲ. ತಲುಪಿಸುವ ರೀತಿ ಬದಲಾಯಿತು ಅಷ್ಟೇ.

ಹಾಗಂತ ಬಲೂನ್ ಕವಾಟವೇ ಮೇಲು ಎನ್ನುವ ಹಾಗೂ ಇಲ್ಲ. 2024ರಲ್ಲಿ ಸ್ಮಾರ್ಟ್ ಎಂಬ ಟ್ರಯಲ್ ಬಂತು. ಕವಾಟದ ಉಂಗುರ, ಅಂದರೆ ಕವಾಟ ಕೂರುವ ದುಂಡನೆಯ ಜಾಗ, 430 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಿರುವ 716 ಜನರಲ್ಲಿ ಎರಡನ್ನೂ ನೇರವಾಗಿ ಹೋಲಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಒಂದು ವರ್ಷದ ನಂತರ ಸಾವು, ಪಾರ್ಶ್ವವಾಯು, ಮರು ಆಸ್ಪತ್ರೆ ಸೇರುವಿಕೆ ಎರಡೂ ಕಡೆ ಹೆಚ್ಚುಕಡಿಮೆ ಸಮ. ಆದರೆ ಕವಾಟದ ಕೆಲಸದಲ್ಲಿ ಕೊರತೆ ಕಂಡವರು ಎವೊಲ್ಯೂಟ್‌ನಲ್ಲಿ 9.4%, ಸೇಪಿಯನ್‌ನಲ್ಲಿ 41.6%. ಕಾರಣ ಸರಳ. ಎವೊಲ್ಯೂಟ್‌ನ ಎಸಳುಗಳು ಉಂಗುರಕ್ಕಿಂತ ಮೇಲೆ, ಅಗಲ ಜಾಗದಲ್ಲಿ ಇರುತ್ತವೆ. ಸೇಪಿಯನ್‌ನವು ಇಕ್ಕಟ್ಟಿನ ಉಂಗುರದೊಳಗೇ ಇರುತ್ತವೆ.

ಯಾರಿಗೆ ಯಾವುದು?

ಇಷ್ಟು ಗೊತ್ತಾದ ಮೇಲೆ ಕೆಲವು ಸಂದರ್ಭಗಳನ್ನು ನೋಡೋಣ. ಇವು ನಿಯಮಗಳಲ್ಲ, ಒಲವುಗಳು.

ಚಿಕ್ಕ ಉಂಗುರ, ಅಥವಾ ಹಿಂದೆ ಆಪರೇಷನ್‌ನಲ್ಲಿ ಹಾಕಿದ ಚಿಕ್ಕ ಕೃತಕ ಕವಾಟದೊಳಗೆ ಇನ್ನೊಂದು ಕೂರಿಸಬೇಕು ಎಂದಿದ್ದರೆ ತಾನೇ ಅರಳುವ, ಮೇಲಿನ ಎಸಳಿನ ಕವಾಟದ ಕಡೆಗೆ ನನ್ನ ಒಲವು. ಉಂಗುರದ ಕೆಳಗೆ ಕ್ಯಾಲ್ಸಿಯಂ ಗಡ್ಡೆ ಚಾಚಿಕೊಂಡಿದ್ದರೂ ಅದೇ. ಅಲ್ಲಿ ಬಲೂನ್ ಜೋರಾಗಿ ಉಬ್ಬಿದರೆ ಆ ಗಡ್ಡೆ ಚುಚ್ಚಿ ಉಂಗುರವೇ ಸೀಳಬಹುದು. ಅಪರೂಪ, ಆದರೆ ಹಾಗಾದಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಹೃದಯದ ಬಲ ಬಹಳ ಕುಗ್ಗಿದ್ದು, ರಭಸದ ಪೇಸಿಂಗ್ ತಡೆಯಲಾರದು ಎನ್ನುವವರಿಗೂ ನಿಧಾನಸ್ಥನೇ ಸುರಕ್ಷಿತ.

ಇಸಿಜಿಯಲ್ಲಿ ಬಲಗಡೆಯ ವಿದ್ಯುತ್ ಕವಲು ಮೊದಲೇ ಕೆಲಸ ಮಾಡುತ್ತಿಲ್ಲ ಎಂದಿದ್ದರೆ ಪಕ್ಕಾ ಬಲೂನಿನ ಕಡೆ ನೋಡಬೇಕು. ಉಳಿದಿರುವುದು ಎಡ ಕವಲು ಮಾತ್ರ, ಅದೂ ನಲುಗಿದರೆ ಪೇಸ್‌ಮೇಕರ್ ಗ್ಯಾರಂಟಿ. ಅಯೋರ್ಟಾ ಹೃದಯದಿಂದ ಹೊರಡುವಾಗಲೇ ಅಡ್ಡಡ್ಡ ಮಲಗಿದ್ದರೂ ಬಲೂನ್ ಸಾಧನಕ್ಕೆ ಅನುಕೂಲ ಜಾಸ್ತಿ. ಸೇಪಿಯನ್‌ನ ಕಮಾಂಡರ್ ಕ್ಯಾತಿಟರ್‌ನ ಹಿಡಿಯಲ್ಲಿ ಒಂದು ಚಕ್ರವಿದೆ. ಅದನ್ನು ತಿರುಗಿಸಿದರೆ ತುದಿ ಬಾಗುತ್ತದೆ, ಕಮಾನು ದಾಟಿ ಕವಾಟದ ಮಧ್ಯಕ್ಕೆ ನೇರವಾಗಿ ಗುರಿ ಇಡಬಹುದು. ಎವೊಲ್ಯೂಟ್‌ನಲ್ಲಿ ಹೀಗೆ ಬಾಗಿಸುವ ಚಕ್ರ ಇಲ್ಲ, ಅದು ವೈರ್ ಹೇಳಿದಂತೆ ಬಾಗುತ್ತದೆ. ಕಾಲಿನಿಂದ ಹೋಗುವಾಗ ಕವಾಟದ ಬುಡದ ಓರೆ 70 ಡಿಗ್ರಿ ಮೀರಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಎಫ್‌ಎಕ್ಸ್‌ನಲ್ಲಿ ಕ್ಯಾತಿಟರ್ ಎಲ್ಲ ದಿಕ್ಕಿಗೂ ಹೆಚ್ಚು ಸಲೀಸಾಗಿ ಬಾಗುವಂತೆ ಸುಧಾರಿಸಿದ್ದಾರೆ.

ವಯಸ್ಸು ಕಡಿಮೆ ಇರುವವರ ವಿಷಯ ಬೇರೆಯೇ. ಅವರಿಗೆ ಮುಂದೊಂದು ದಿನ ಹೃದಯದ ಸ್ವಂತ ರಕ್ತನಾಳಗಳಿಗೆ ಸ್ಟೆಂಟ್ ಬೇಕಾಗಬಹುದು, ಅಥವಾ ಇದೇ ಕವಾಟ ಸವೆದು ಎರಡನೆಯದು ಬೇಕಾಗಬಹುದು. ಸೇಪಿಯನ್ ಜಾಲರಿಯ ಎತ್ತರ ಅಳತೆಗೆ ತಕ್ಕಂತೆ 15.5ರಿಂದ 22.5 ಮಿಲಿಮೀಟರ್. ಎವೊಲ್ಯೂಟ್‌ನದು ಸುಮಾರು 45. ಎತ್ತರದ ಜಾಲರಿ ಎಂದರೆ ಸ್ಟೆಂಟ್ ಹಾಕುವವರು ಅದರ ಕಣ್ಣುಗಳೊಳಗಿಂದ ನುಸುಳಿಕೊಂಡೇ ಹೋಗಬೇಕು. ಎಸಳುಗಳ ಜೋಡಣೆಯ ಕಂಬ ಸರಿಯಾಗಿ ಆ ರಕ್ತನಾಳದ ಬಾಯಿಗೇ ಅಡ್ಡ ಬಂದರೆ ಇನ್ನೂ ಕಷ್ಟ. ಇದಕ್ಕೂ ಮದ್ದು ಸಿಕ್ಕಿದ್ದು ಕ್ಯಾತಿಟರ್‌ನಲ್ಲೇ. ಎವೊಲ್ಯೂಟ್ ಒಳಗೆ ಹಾಕುವಾಗ ಹಿಡಿಯ ಪಕ್ಕದ ತೊಳೆಯುವ ನಳಿಕೆಯನ್ನು ಗಡಿಯಾರದ 3ರ ದಿಕ್ಕಿಗೆ ಇಟ್ಟು ಸಾಗಿಸಿದರೆ ಕಂಬಗಳು ಹೆಚ್ಚಿನ ಸಲ ಅಡ್ಡ ಬರದಂತೆ ಕೂರುತ್ತವೆ. ಇಷ್ಟು ಸಣ್ಣ ಸಂಗತಿ! ಸೇಪಿಯನ್ 3ರಲ್ಲಿ ಹೀಗೆ ದಿಕ್ಕು ಹಿಡಿಸುವುದು ಕಷ್ಟ, ಆದರೆ ಅದು ಗಿಡ್ಡ ಇರುವುದರಿಂದ ತೊಂದರೆಯೂ ಕಡಿಮೆ.

ಬಲೂನ್ ಮನೆತನದೊಳಗಿನ ಒಂದು ಭೇದವನ್ನೂ ಹೇಳಿಬಿಡುತ್ತೇನೆ. ಸೇಪಿಯನ್ 3ರಲ್ಲಿ ಕವಾಟವನ್ನು ಅದುಮುವುದು ಬಲೂನ್ ಮೇಲಲ್ಲ, ಅದರ ಹಿಂದಿನ ತೆಳು ಕೊಳವೆಯ ಮೇಲೆ. ಕಾಲಿನಲ್ಲಿ ತೆಳುವಾಗಿ ಹೋಗಲಿ ಎಂಬುದು ಲೆಕ್ಕ. ಅಯೋರ್ಟಾಕ್ಕೆ ಬಂದ ಮೇಲೆ, ನೆಟ್ಟಗಿನ ಜಾಗ ನೋಡಿ, ಬಲೂನನ್ನು ಹಿಂದಕ್ಕೆಳೆದು ಕವಾಟದೊಳಗೆ ತರುತ್ತಾರೆ. ಜಾಣ ಉಪಾಯ, ಆದರೆ ಒಂದು ಹೆಜ್ಜೆ ಜಾಸ್ತಿ. ಮೈವಾಲ್‌ನಲ್ಲಿ ಹೊರಗೇ ಬಲೂನ್ ಮೇಲೆ ನೇರವಾಗಿ ಅದುಮಿ ಕಳಿಸುತ್ತಾರೆ, ಒಳಗೆ ಜೋಡಿಸುವ ಕೆಲಸವಿಲ್ಲ. 21.5, 24.5, 27.5 ಎಂಬ ನಡುವಿನ ಅಳತೆಗಳೂ, 32 ಮಿಲಿಮೀಟರ್‌ವರೆಗಿನ ದೊಡ್ಡ ಅಳತೆಗಳೂ ಅದರಲ್ಲಿವೆ. ಉಂಗುರ ಎರಡು ಅಳತೆಗಳ ಮಧ್ಯೆ ಸಿಕ್ಕಿಕೊಂಡಾಗ ಇದು ನಿಜಕ್ಕೂ ಉಪಯೋಗ. ಅಂಗಿಗೂ ಅಷ್ಟೇ ತಾನೆ, ನಮ್ಮ ಅಳತೆ ಯಾವಾಗಲೂ ಎರಡರ ನಡುವೆಯೇ ಇರುತ್ತದೆ.

ಇನ್ನು ಕವಾಟ ಬಿಗಿಯಾಗದೆ, ಬರೀ ಸೋರುತ್ತಿದ್ದರೆ? ಅಲ್ಲಿ ಹಿಡಿದು ನಿಲ್ಲಲು ಕ್ಯಾಲ್ಸಿಯಂ ಇರುವುದಿಲ್ಲ, ಮೇಲಿನ ಎರಡೂ ಬಗೆ ಜಾರುವ ಅಪಾಯವಿದೆ. ಜೆನಾವಾಲ್ವ್ ಕಂಪನಿಯ ಟ್ರಿಲಜಿ ಮೊದಲು ಮೂರು ಕೈಗಳನ್ನು ಇಳಿಸಿ ಹಳೆಯ ಎಸಳುಗಳನ್ನೇ ಕ್ಲಿಪ್ಪಿನಂತೆ ಹಿಡಿದುಕೊಳ್ಳುತ್ತದೆ. 2021ರಲ್ಲಿ ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಹಳೆಯ ಲೇಖನಗಳಲ್ಲಿ ಅಕ್ಯುರೇಟ್ ನಿಯೊ ಎಂಬ ಕವಾಟದ ಹೆಸರು ಕಂಡರೆ ಗಮನಿಸಿ. ಅದರ ಮಾರಾಟವನ್ನು 2025ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿದ್ದಾರೆ.

ಕಾಲಿನಿಂದ ಆಗದಿದ್ದರೆ

ಕತ್ತಿನ ಕ್ಯಾರೋಟಿಡ್, ಭುಜದ ಕೆಳಗಿನ ರಕ್ತನಾಳ, ಎದೆಯ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು ಹೃದಯದ ತುದಿಯಿಂದ, ಹೀಗೆ ಬೇರೆ ದಾರಿಗಳಿವೆ. ಹೃದಯದ ತುದಿಯಿಂದ ಹೋಗುವುದು ಈಗ ಬಹಳ ಕಡಿಮೆಯಾಗಿದೆ, ಪಕ್ಕೆಲುಬಿನ ನಡುವಿನ ಗಾಯ ವಯಸ್ಸಾದವರಿಗೆ ಭಾರ. ನನಗೆ ಬೆರಗೆನಿಸುವುದು 2013ರಲ್ಲಿ ಮನುಷ್ಯರಲ್ಲಿ ಮೊದಲು ಮಾಡಿದ ಟ್ರಾನ್ಸ್‌ಕೇವಲ್. ಹೊಟ್ಟೆಯಲ್ಲಿ ದೊಡ್ಡ ಅಭಿಧಮನಿ ಮತ್ತು ಅಯೋರ್ಟಾ ಪಕ್ಕಪಕ್ಕ ಇರುತ್ತವೆ. ಅಗಲವಾದ ಅಭಿಧಮನಿಯಲ್ಲಿ ಮೇಲೆ ಹೋಗಿ, ವಿದ್ಯುತ್ ಹರಿಸಿದ ವೈರ್‌ನಿಂದ ಗೋಡೆ ದಾಟಿ ಅಯೋರ್ಟಾಕ್ಕೆ ನುಗ್ಗುತ್ತಾರೆ. ಕೊನೆಗೆ ಆ ತೂತನ್ನು ನಿಟಿನಾಲ್ ಮುಚ್ಚಳದಿಂದ ಮುಚ್ಚುತ್ತಾರೆ. ಕೇಳಿದರೆ ಹುಚ್ಚು ಅನ್ನಿಸುತ್ತದೆ, ಆದರೆ ಅನುಭವವಿರುವ ಕೈಗಳಲ್ಲಿ ನಡೆಯುತ್ತದೆ.

ಉಳಿದ ಮೂರು ಕವಾಟಗಳು

ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಮತ್ತು ಬಲಭಾಗದ ಅಂಥದ್ದೇ ಟ್ರೈಕಸ್ಪಿಡ್ ಕವಾಟಗಳ ಕಡೆಗೆ ಹೋದರೆ ಲೆಕ್ಕವೇ ಬದಲಾಗುತ್ತದೆ. ಇಲ್ಲಿ ಹೋಗುವುದು ಅಭಿಧಮನಿಯಿಂದ. ಅದು ಅಗಲ, ಮೆದು, ಒಳಗೆ ಒತ್ತಡ ಕಡಿಮೆ. 24 ಫ್ರೆಂಚ್ ಕೊಳವೆಯೂ ಸುಲಭವಾಗಿ ಹಿಡಿಸುತ್ತದೆ. ದಪ್ಪ ಇಲ್ಲಿ ಪ್ರಶ್ನೆಯಲ್ಲ, ತಿರುವುಗಳದೇ ಪ್ರಶ್ನೆ.

ಮೈಟ್ರಲ್ ಕವಾಟದ ಸೋರಿಕೆಗೆ ಎಸಳುಗಳನ್ನು ಕ್ಲಿಪ್ ಹಾಕಿ ಕೂಡಿಸುವ ಎರಡು ಸಾಧನ ಪ್ರಸಿದ್ಧ. ಅಬಾಟ್‌ನ ಮೈಟ್ರಾಕ್ಲಿಪ್ 24 ಫ್ರೆಂಚ್, ಎಡ್ವರ್ಡ್ಸ್‌ನ ಪಾಸ್ಕಲ್ 22. ಎರಡರಲ್ಲೂ ಬಲ ಮೇಲ್ಕೋಣೆಯಿಂದ ಗೋಡೆ ಚುಚ್ಚಿ ಎಡಕ್ಕೆ ದಾಟಬೇಕು. ಚುಚ್ಚುವ ಜಾಗ ಕವಾಟದಿಂದ ಸುಮಾರು 3.5ರಿಂದ 4.5 ಸೆಂಟಿಮೀಟರ್ ಮೇಲಿರಬೇಕು. ತಗ್ಗಾದರೆ ಕ್ಲಿಪ್ ತಿರುಗಿಸಲು ಜಾಗವೇ ಸಾಲದು. ಮೈಟ್ರಾಕ್ಲಿಪ್ ನಾಲ್ಕು ಅಳತೆಯಲ್ಲಿ ಬರುತ್ತದೆ, ಬಳಕೆಯಲ್ಲಿರುವ ಕಾಲವೂ ದೀರ್ಘ. ಯುರೋಪಿನಲ್ಲಿ 2008ರಿಂದ ಇದೆ. ಪಾಸ್ಕಲ್‌ನ ಒಳ್ಳೆಯ ಗುಣ ಎಂದರೆ ಎಸಳುಗಳನ್ನು ಹಿಡಿದಿರುವ ದಾರಗಳ ನಡುವೆ ಸಿಕ್ಕಿಕೊಂಡಾಗ ಅದನ್ನು ಉದ್ದಕ್ಕೆ ಎಳೆದು ತೆಳುವಾಗಿಸಿ ಬಿಡಿಸಿಕೊಳ್ಳಬಹುದು. 2022ರಲ್ಲಿ ಎರಡನ್ನೂ ನೇರವಾಗಿ ಹೋಲಿಸಿದ ಟ್ರಯಲ್‌ನಲ್ಲಿ ಪಾಸ್ಕಲ್ ಹಿಂದೆ ಬೀಳಲಿಲ್ಲ. ಇಲ್ಲಿ ನನ್ನ ತೀರ್ಪು ಸಾಧನಕ್ಕಿಂತ ತಂಡದ ಕಡೆಗೇ ವಾಲುತ್ತದೆ. ಅವರ ಕೈಗೆ ಯಾವುದು ಒಗ್ಗಿದೆಯೋ ಅದೇ.

ಕ್ಲಿಪ್ ಬದಲು ಪೂರ್ತಿ ಮೈಟ್ರಲ್ ಕವಾಟವನ್ನೇ ಹಾಕುವುದು ಇನ್ನೂ ಬೆಳೆಯುತ್ತಿರುವ ವಿದ್ಯೆ. ಟೆಂಡೈನ್ ಹೃದಯದ ತುದಿಯಿಂದ ಹೋಗಿ ಒಂದು ದಾರದಿಂದ ಕಟ್ಟಿಕೊಂಡು ನಿಲ್ಲುತ್ತದೆ. ಸೇಪಿಯನ್ ಎಂ3 ಕಾಲಿನ ಅಭಿಧಮನಿಯಿಂದ ಹೋಗಿ ಮೊದಲು ಸುರುಳಿಯಂಥ ನೆಲೆಯನ್ನು ಸುತ್ತಿಸಿ, ಆಮೇಲೆ ಅದರೊಳಗೆ ಬಲೂನ್ ಕವಾಟ ಕೂರಿಸುತ್ತದೆ.

ಟ್ರೈಕಸ್ಪಿಡ್ ಕವಾಟ ಬಹಳ ಕಾಲ ಯಾರೂ ನೋಡದ ಮೂಲೆಯಲ್ಲಿತ್ತು. ಕೆಳಗಿನ ಅಭಿಧಮನಿಯಿಂದ ಹೃದಯಕ್ಕೆ ಬಂದ ಕೂಡಲೇ ಗಕ್ಕನೆ ತಿರುಗಬೇಕು, ಕ್ಯಾತಿಟರ್‌ಗೆ ಒರಗಿಕೊಳ್ಳಲು ಗೋಡೆಯೂ ಇಲ್ಲ. ಮೈಟ್ರಾಕ್ಲಿಪ್ ಕೊಳವೆಯನ್ನೇ ಇಲ್ಲಿ ತಿರುಚಿ ಬಳಸಿ ಹೆಣಗಿದ ಮೇಲೆ, ಈ ತಿರುವಿಗೆಂದೇ ಬೇರೆ ಮಾರ್ಗದರ್ಶಿ ಕೊಳವೆ ಇರುವ ಟ್ರೈಕ್ಲಿಪ್ ಬಂತು. ಪೂರ್ತಿ ಕವಾಟ ಬೇಕಾದರೆ 28 ಫ್ರೆಂಚ್‌ನ ಇವೋಕ್ ಇದೆ. ಅಮೆರಿಕದಲ್ಲಿ ಎರಡಕ್ಕೂ 2024ರಲ್ಲೇ ಒಪ್ಪಿಗೆ ಸಿಕ್ಕಿತು. ಇವೋಕ್ ಸೋರಿಕೆಯನ್ನು ಹೆಚ್ಚು ಪೂರ್ತಿಯಾಗಿ ನಿಲ್ಲಿಸುತ್ತದೆ, ಆದರೆ ಪೇಸ್‌ಮೇಕರ್ ಮತ್ತು ರಕ್ತಸ್ರಾವದ ಅಪಾಯವೂ ಅದರಲ್ಲೇ ಹೆಚ್ಚು.

ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿರುವ ಪಲ್ಮನರಿ ಕವಾಟ ಹೆಚ್ಚಾಗಿ ಹುಟ್ಟಿನಿಂದ ಹೃದಯ ದೋಷ ಇರುವ ಮಕ್ಕಳ, ಯುವಕರ ವಿಷಯ. ನಿಜ ಹೇಳಬೇಕೆಂದರೆ ಮನುಷ್ಯರಲ್ಲಿ ಕ್ಯಾತಿಟರ್ ಕವಾಟದ ಕಥೆ ಶುರುವಾಗಿದ್ದೇ ಇಲ್ಲಿಂದ, 2000ದಲ್ಲಿ, ಫಿಲಿಪ್ ಬಾನ್‌ಹೋಫರ್ ಅವರಿಂದ. ಹಸುವಿನ ಕತ್ತಿನ ಅಭಿಧಮನಿಯಿಂದ ಮಾಡಿದ ಮೆಲಡಿ ಕವಾಟ 22 ಫ್ರೆಂಚ್ ಕ್ಯಾತಿಟರ್‌ನಲ್ಲಿ, ಬಲೂನಿನೊಳಗೊಂದು ಬಲೂನ್ ಇಟ್ಟು ಹೋಗುತ್ತದೆ. ಒಳಗಿನದನ್ನು ಮೊದಲು ಉಬ್ಬಿಸಿ ಜಾಗ ನೋಡಿ, ಆಮೇಲೆ ಹೊರಗಿನದು. ಇದು ಹಿಂದಿನ ಆಪರೇಷನ್‌ನಲ್ಲಿ ಹಾಕಿದ ಕೊಳವೆ ಇರುವವರಿಗೆ. ಸ್ವಂತ ನಾಳವೇ ಹಿಗ್ಗಿ ಅಗಲವಾಗಿದ್ದರೆ ತಾನೇ ಅರಳುವ ಹಾರ್ಮನಿ, 25 ಫ್ರೆಂಚ್.

ಏನು ಕೇಳಬೇಕು, ಕೊನೆಗೆ ಏನಾಗುತ್ತದೆ

ವೈದ್ಯರ ಎದುರು ಕೂತಾಗ ಈ ಕವಾಟ ಒಳ್ಳೆಯದಾ ಎಂದು ಕೇಳಿದರೆ ಒಳ್ಳೆಯದು ಎಂಬ ಉತ್ತರವೇ ಬರುತ್ತದೆ. ಬದಲಿಗೆ ಸಿಟಿ ಸ್ಕ್ಯಾನ್‌ನಲ್ಲಿ ಕಾಲಿನ ರಕ್ತನಾಳದ ಅತಿ ಸಣ್ಣ ಅಳತೆ ಎಷ್ಟಿದೆ, ಈ ಸಾಧನಕ್ಕೆ ಎಷ್ಟು ಬೇಕು ಎಂದು ಕೇಳಿ. ಇಸಿಜಿ ನೋಡಿದರೆ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಹೇಗಿದೆ ಎಂದು ಕೇಳಿ. ನಿಮ್ಮ ತಂಡ ಹೆಚ್ಚಾಗಿ ಬಳಸುವುದು ಯಾವುದು ಎಂದೂ ಸಂಕೋಚವಿಲ್ಲದೆ ಕೇಳಿ. ಕವಾಟವನ್ನು ತೊಳೆದು, ಅದುಮಿ, ಕ್ಯಾಪ್ಸೂಲ್‌ಗೆ ತುಂಬುವವರು ವೈದ್ಯರಲ್ಲ, ಪಕ್ಕದ ಮೇಜಿನಲ್ಲಿ ನಿಂತ ತರಬೇತಾದ ಸಿಬ್ಬಂದಿ. ತುಂಬುವಾಗ ಜಾಲರಿ ಓರೆಯಾದರೆ ಒಳಗೆ ಹೋದ ಮೇಲೆ ಸರಿಯಾಗುವುದಿಲ್ಲ. ಅದಕ್ಕೇ ತಾನೇ ಅರಳುವ ಕವಾಟವನ್ನು ದೇಹದೊಳಗೆ ಬಿಡುವ ಮೊದಲು ಎಕ್ಸ್‌ರೇ ಕೆಳಗೆ ಒಮ್ಮೆ ತಿರುಗಿಸಿ ನೋಡುತ್ತಾರೆ.

ಕಾಲಿನ ತೂತು ಮುಚ್ಚುವುದು ಹೇಗೆ ಎಂಬುದನ್ನೂ ಕೇಳಿ, ಇದನ್ನು ಎಲ್ಲರೂ ಮರೆಯುತ್ತಾರೆ. ಒಂದು ಬಗೆಯಲ್ಲಿ ಮೊದಲೇ ರಕ್ತನಾಳದ ಗೋಡೆಗೆ ದಾರದ ಹೊಲಿಗೆ ಹಾಕಿಟ್ಟು, ಕೊನೆಗೆ ಗಂಟು ಬಿಗಿಯುತ್ತಾರೆ. ಇನ್ನೊಂದರಲ್ಲಿ ಕೊನೆಗೆ ಕೊಲ್ಯಾಜನ್ ಬಿರಡೆ ಕೂರಿಸುತ್ತಾರೆ. 2022ರ ಒಂದು ಟ್ರಯಲ್‌ನಲ್ಲಿ ಎರಡನ್ನೂ ಹೋಲಿಸಿದಾಗ ಹೊಲಿಗೆ ಬಗೆಯಲ್ಲಿ ಕಾಲಿನ ರಕ್ತನಾಳದ ತೊಂದರೆ 12.0%, ಬಿರಡೆ ಬಗೆಯಲ್ಲಿ 19.4%. ಹೊಲಿಗೆಯಲ್ಲಿ ಇನ್ನೊಂದು ಅನುಕೂಲ ಇದೆ. ಗಂಟು ಪೂರ್ತಿ ಬಿಗಿಯುವವರೆಗೂ ವೈರ್ ಒಳಗೇ ಇರುತ್ತದೆ. ರಕ್ತ ನಿಂತಿತೇ ಎಂದು ನೋಡುತ್ತಾರೆ. ನಿಲ್ಲದಿದ್ದರೆ ಅದೇ ವೈರ್ ಮೇಲೆ ಇನ್ನೊಂದು ಹೊಲಿಗೆ ಹೋಗುತ್ತದೆ. ನಿಂತರೆ ವೈರ್ ಎಳೆದು, ಉಳಿದ ದಾರ ಕತ್ತರಿಸಿ, ಸಣ್ಣ ಪಟ್ಟಿ ಅಂಟಿಸುತ್ತಾರೆ.